ಒಳಕ್ಕೆ ಎಳೆದ ಗೆರೆ

ಅವರು ತೀರಿಕೊಂಡ ಸುದ್ದಿ ನನಗೆ ವಾಟ್ಸಾಪ್ ಗುಂಪಿನಲ್ಲಿ ಸಿಕ್ಕಿತು. ಕೈಮುಗಿದ ಚಿತ್ರಗಳ ಸಾಲಿನ ನಡುವೆ ಯಾರೋ ಬರೆದಿದ್ದರು: ‘ಬಹಳ ಸೌಮ್ಯ ಸ್ವಭಾವದವರು. ಯಾರ ತಂಟೆಗೂ ಹೋದವರಲ್ಲ. ತಮ್ಮ ಬಗ್ಗೆ ಒಂದು ಮಾತು ಹೆಚ್ಚು ಹೇಳಿಕೊಂಡವರಲ್ಲ.’ ಅದರ ಕೆಳಗೆ ಹತ್ತಾರು ಜನ ಹೌದು ಹೌದು ಎಂದು ಸೇರಿಸಿದ್ದರು. ನನಗೆ ಮೈ ಉರಿದುಹೋಯಿತು. ಫೋನನ್ನು ಸೋಫಾದ ಮೇಲೆ ಎಸೆದು ಒಳಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದೆ. ಹೆಚ್ಚು ಹೇಳಿಕೊಳ್ಳದೆ ಇದ್ದದ್ದನ್ನು ಗುಣವೆಂದು ಹೊಗಳುತ್ತಾರಲ್ಲ, ಅದರಿಂದ ಆ ಮನುಷ್ಯ ಏನು ಕಳೆದುಕೊಂಡರು ಎಂದು ಇವರಲ್ಲಿ ಒಬ್ಬರಾದರೂ ಕೇಳಿದ್ದಾರೆಯೇ? ನನಗೆ ಗೊತ್ತು. ಅವರು ಕಳೆದುಕೊಳ್ಳುವಾಗ ನಾನು ಎದುರಿನ ಸಾಲಿನಲ್ಲಿ ಕೂತಿದ್ದೆ.

ಆಗ ನಾನು ಟೊರಾಂಟೋದ ಉತ್ತರಕ್ಕಿರುವ ಯೂನಿಯನ್‌ವಿಲ್ ಹತ್ತಿರದ ಒಂದು ಕೇಬಲ್ ಕಂಪನಿಯ ಆಫೀಸಿನಲ್ಲಿದ್ದೆ. ಕಾನೂನು, ಪರವಾನಗಿ, ಟೀವಿ ಪ್ರಸಾರದ ನಿಯಂತ್ರಣ ಆಯೋಗದ ಪತ್ರವ್ಯವಹಾರ ನೋಡಿಕೊಳ್ಳುವ ವಿಭಾಗ. ಬಿಲ್ಲು ಜಾಸ್ತಿ ಬಂತು, ಚಿತ್ರ ನಿಂತುಹೋಯಿತು ಎನ್ನುವ ದೂರುಗಳೆಲ್ಲ ಬೇರೆ ಕಡೆ ಹೋಗುತ್ತಿದ್ದವು. ‘ನೀವು ನಿಯಮ ಮುರಿದಿದ್ದೀರಿ’ ಎನ್ನುವವರು ಮಾತ್ರ ನನ್ನ ಪಾಲಿಗೆ ಬರುತ್ತಿದ್ದರು. ಅಂಥವರು ಕಡಿಮೆ. ಬಂದವರಿಗೂ ಉತ್ತರ ಸಿದ್ಧವಾಗಿಯೇ ಇರುತ್ತಿತ್ತು, ಹೆಸರು ವಿಳಾಸ ಬದಲಾಯಿಸಿ ಕಳಿಸಿದರೆ ಮುಗಿಯಿತು.

ಸ್ಟೌಫ್‌ವಿಲ್‌ನ ಒಬ್ಬ ಹೆಂಗಸಿನ ಹೆಸರಿನಲ್ಲಿ ದೂರು ಬಂದಾಗಲೂ ನಾನು ಮಾಡಿದ್ದು ಅಷ್ಟೇ. ಟೊರಾಂಟೋದಲ್ಲಿ ಒಂದು ಸಣ್ಣ ಟೀವಿ ಸ್ಟೇಷನ್ ಇತ್ತು. ದೊಡ್ಡವರು ಯಾರೂ ಜಾಗ ಕೊಡದ ಹತ್ತಾರು ಭಾಷೆಗಳಿಗೆ ಅದು ಅರ್ಧರ್ಧ ಗಂಟೆ ಹಂಚಿಕೊಡುತ್ತಿತ್ತು. ನಮ್ಮ ಕಂಪನಿ ಆ ವರ್ಷ ಉತ್ತರದ ಊರುಗಳ ಮೂಲ ಪ್ಯಾಕೇಜಿನಿಂದ ಅದನ್ನು ತೆಗೆದುಹಾಕಿತ್ತು. ಸ್ಥಳೀಯ ವಾಹಿನಿಯನ್ನು ಹಾಗೆ ತೆಗೆಯಲು ನಿಮಗೆ ಹಕ್ಕಿಲ್ಲ ಎಂದು ದೂರು. ನಾನು ಉತ್ತರ ಬರೆದೆ: ‘ನಿಮ್ಮ ಬಡಾವಣೆ ಆ ಸ್ಟೇಷನ್ನಿನ ಅಧಿಕೃತ ವ್ಯಾಪ್ತಿಯ ಹೊರಗಿದೆ. ಆದ್ದರಿಂದ ನಿಮಗೆ ಅದು ಸ್ಥಳೀಯವಲ್ಲ. ನಕ್ಷೆ ಲಗತ್ತಿಸಿದೆ.’

ಈ ಒಂದು ಸಾಲಿನಲ್ಲಿ ಎಷ್ಟು ಅನ್ಯಾಯ ಅಡಗಿದೆ ಎಂದು ಆಗ ನನಗೆ ತಿಳಿದಿರಲಿಲ್ಲ ಎನ್ನಲಾರೆ. ತಿಳಿದಿತ್ತು, ತಲೆ ಕೆಡಿಸಿಕೊಂಡಿರಲಿಲ್ಲ. ನಿಯಮ ಹೀಗಿದೆ. ಟೀವಿ ಗೋಪುರದ ಸುತ್ತ ಒಬ್ಬ ಇಂಜಿನಿಯರು ನಕ್ಷೆಯ ಮೇಲೆ ಒಂದು ಗೆರೆ ಎಳೆಯುತ್ತಾನೆ, ಸಿಗ್ನಲ್ಲು ಇಲ್ಲಿಯವರೆಗೆ ಚೆನ್ನಾಗಿ ತಲುಪುತ್ತದೆ ಎಂದು. ಆ ಗೆರೆ ಕೇಬಲ್ ಕಂಪನಿಯ ವಲಯವನ್ನು ಒಂದು ಮೂಲೆಯಲ್ಲಿ ಮುಟ್ಟಿದರೂ ಸಾಕು, ಆ ವಲಯದ ಪ್ರತಿ ಮನೆಗೂ ವಾಹಿನಿಯನ್ನು ಕೊಡಲೇಬೇಕು. ಮುಟ್ಟದಿದ್ದರೆ ಕಂಪನಿಯ ಇಷ್ಟ. ಸ್ಟೌಫ್‌ವಿಲ್ ಜನ ಬೆಳಗಾದರೆ ರೈಲು ಹತ್ತಿ ಟೊರಾಂಟೋ ನಡುವಿನ ಯೂನಿಯನ್ ಸ್ಟೇಷನ್ನಿಗೆ ಹೋಗುತ್ತಾರೆ, ಅಲ್ಲಿನ ಆಸ್ಪತ್ರೆಯಲ್ಲಿ ಹೆರುತ್ತಾರೆ, ಅಲ್ಲಿಯೇ ಸಾಯುತ್ತಾರೆ. ಆದರೂ ಟೊರಾಂಟೋದ ಟೀವಿ ಅವರಿಗೆ ಸ್ಥಳೀಯವೋ ಅಲ್ಲವೋ ಎಂದು ಹೇಳುವುದು ಆ ಗೆರೆ. ಅದು ನಮ್ಮ ಉತ್ತರ ವಲಯದ ಅಂಚಿನ ರಸ್ತೆಗೆ ಇನ್ನೇನು ತಾಗಬೇಕು ಎನ್ನುವಲ್ಲಿ ಬಾಗಿ ಹಿಂದಕ್ಕೆ ಹೋಗಿತ್ತು. ನಮ್ಮ ಆಫೀಸಿನಲ್ಲಿ ಅದನ್ನು ನೋಡಿ ಎಲ್ಲರಿಗೂ ಖುಷಿಯಾಗಿತ್ತು.

ವಾರದ ಮೇಲೆ ಫೋನ್ ಬಂತು. ಗಂಡಸಿನ ದನಿ, ಮೊದಲು ಇಂಗ್ಲಿಷು. ಕಾಗದದ ಕೆಳಗಿದ್ದ ನನ್ನ ಹೆಸರನ್ನು ಸರಿಯಾಗಿ ಉಚ್ಚರಿಸಿ, ಕನ್ನಡಕ್ಕೆ ಹೊರಳಿ ಕೇಳಿದರು.

“ಮೈಸೂರು ಕಡೆಯವರೇನ್ರಿ ನೀವು?”

“ಹೌದು ಸಾರ್.”

“ಚಲೋ ಆತು. ನಕ್ಷಾ ಕಳಿಸೀರಲ್ಲ, ಭಾಳ ಚಂದ ಐತ್ರಿ. ಯಾರು ಬರದಾರ?”

“ಯಾರೋ ಲೈಸೆನ್ಸ್ ಇರೋ ಇಂಜಿನಿಯರ್ ಸಾರ್. ತುಂಬ ಹಳೇದು. ಸ್ಟೇಷನ್ ಡಿಜಿಟಲ್ ಆದ್ಮೇಲೂ ಅದೇ ಗೆರೇನೇ ಕಂಪ್ಯೂಟರ್‌ಗೆ ಹಾಕೊಂಡಿದಾರೆ.”

“ಮೂಲ್ಯಾಗ ಸಹಿ ಐತಿ ನೋಡ್ರಿ. ಓದಾಕ ಬರ್ತದೇನು?”

ನಾನು ಪರದೆಯ ಮೇಲೆ ನಕ್ಷೆ ತೆರೆದು ದೊಡ್ಡದು ಮಾಡಿ ನೋಡಿದೆ. ದುಂಡು ಮುದ್ರೆ, ಅದರ ಮೇಲೆ ಗೀಚಿದ ಸಹಿ. “ಇಲ್ಲ ಸಾರ್, ಗೊತ್ತಾಗ್ತಿಲ್ಲ.”

“ನಂದ್ರಿ ಅದು,” ಎಂದರು. “ನಾನs ಎಳದದ್ದು. ಸ್ವಲ್ಪ ತಪ್ಪೈತಿ. ಅದನ್ನ ಹೇಳಾಕs ಫೋನ್ ಮಾಡೀನಿ.”

ಕೇಬಲ್ ಕನೆಕ್ಷನ್ನು ಹೆಂಡತಿಯ ಹೆಸರಿನಲ್ಲಿತ್ತು. ದೂರು ಆಕೆಯದು ಎಂದುಕೊಂಡು, ಅವರದೇ ಕೈಬರಹವನ್ನು ಅವರಿಗೇ ಸಾಕ್ಷಿಯಾಗಿ ಕಳಿಸಿಕೊಟ್ಟಿದ್ದೆ ನಾನು.

ಆ ಶನಿವಾರ ಮನೆಗೆ ಕರೆದರು, ಹೋದೆ. ಕಂಪನಿಗೆ ಹೇಳಲಿಲ್ಲ. ಹೊಸ ಬಡಾವಣೆಯ ಒಂದೇ ಥರದ ಮನೆಗಳಲ್ಲಿ ಅವರ ಮನೆಯನ್ನು ಕಂಡುಹಿಡಿದದ್ದು, ಫೋನಿನಲ್ಲಿ ಅವರು ಗುರುತು ಹೇಳಿದ್ದ ಕಾರಿನಿಂದ. ಡ್ರೈವ್‌ವೇಯಲ್ಲಿ ಅವರ ಕಾರು ಪಕ್ಕದ ಮನೆಯ ಗಡಿಯಿಂದ ಎಷ್ಟು ದೂರ ನಿಂತಿತ್ತೆಂದರೆ, ಈಚೆಯ ಬಾಗಿಲು ತಮ್ಮದೇ ಗೋಡೆಗೆ ತಾಗಿ ಅರ್ಧವೂ ತೆರೆಯುತ್ತಿರಲಿಲ್ಲ. ಆ ಸಂದಿಯಿಂದ ಆರಡಿ ಎತ್ತರದ ಮನುಷ್ಯ ಹೊಟ್ಟೆ ಒಳಗೆ ಎಳೆದುಕೊಂಡು ಹೊರಬಂದರು. ಧಾರವಾಡದ ಕಡೆಯವರು. ಆ ಮನೆಗೆ ಬಂದು ಹತ್ತು ವರ್ಷವಾಗಿತ್ತಂತೆ, ಹತ್ತು ವರ್ಷವೂ ಅದೇ ಸಂದಿ.

ಆಮೇಲೆ ನೋಡುತ್ತ ಹೋದಂತೆ ಅವರ ಇಡೀ ಬದುಕೇ ಹಾಗಿತ್ತು. ಮನೆಗೊಂದು ಅಡುಗೆ ತರುವ ಪಾಟ್‌ಲಕ್ ಊಟಗಳಲ್ಲಿ ಸಾಲಿನ ಕೊನೆಗೆ ನಿಲ್ಲುವರು, ತಟ್ಟೆಗೆ ಅರ್ಧ ಚಮಚ ಹಾಕಿಕೊಂಡು ಸರಿಯುವರು. ಹೊರಗೆ ಚಳಿ ಹೇಗಿದೆ ಎಂದು ಕೇಳಿದರೆ, “ನಾ ನಿಂತಲ್ಲೆ ಮೈನಸ್ ಹನ್ನೆರಡಿತ್ತು, ಬ್ಯಾರೆ ಕಡೆ ನಂಗ ಗೊತ್ತಿಲ್ಲ,” ಎನ್ನುವರು. ಕನ್ನಡ ಸಂಘದಲ್ಲಿ ಯಾರೋ ‘ನಮ್ಮ ಹಿರಿಯ ತಂತ್ರಜ್ಞರು’ ಎಂದು ಪರಿಚಯ ಮಾಡಿಕೊಟ್ಟರೆ, ಎದ್ದು ನಿಂತು “ಹಿರಿಯ ಅನ್ನೂದು ಖರೆ,” ಎಂದಷ್ಟೇ ಹೇಳಿ ಕೂತುಬಿಡುವರು. ಜನ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಹೆಂಡತಿ ಅದಕ್ಕೆ ತದ್ವಿರುದ್ಧ. ಮಾತು ಕಡ್ಡಿ ಮುರಿದಂತೆ. ಊರಲ್ಲಿ ಶಾಲೆಯ ಟೀಚರಾಗಿದ್ದವರು, ಆ ಸಣ್ಣ ಸ್ಟೇಷನ್ನಿನಲ್ಲಿ ಕನ್ನಡದ ಅರ್ಧ ಗಂಟೆ ಶುರು ಮಾಡಿದ್ದು ಅವರೇ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ನಿವೃತ್ತ ಡಾಕ್ಟರೊಬ್ಬರು ಬಂದು ಬೀಪಿ, ಸಕ್ಕರೆಯ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದರು. ಬೆಳಗಾವಿಯಿಂದಲೋ ತುಮಕೂರಿನಿಂದಲೋ ಕಾಲೇಜಿಗೆ ಬಂದ ಹುಡುಗಿಯರು, ‘ಬಾಡಿಗೆಗೆ ಬೇಸ್‌ಮೆಂಟು ಇದ್ದರೆ ಹೇಳಿ, ಬಸ್ಸಿಗೆ ಹತ್ತಿರ ಇರಬೇಕು’ ಎಂದು ಕ್ಯಾಮೆರಾ ನೋಡಿ ಕೇಳುತ್ತಿದ್ದರು. ಇಲ್ಲಿಯೇ ಹುಟ್ಟಿದ ಮಕ್ಕಳು ಕನ್ನಡದಲ್ಲಿ ತಮ್ಮ ಹೆಸರು ಹೇಳಿ, ಮುಂದಿನದನ್ನು ಇಂಗ್ಲಿಷಿನಲ್ಲಿ ಮುಗಿಸುತ್ತಿದ್ದರು. ಸೊಂಟದ ಆಪರೇಷನ್ ಆದ ಮೇಲೆ ಆಕೆ ಸ್ಟುಡಿಯೋಗೆ ಹೋಗುವುದು ನಿಂತಿತ್ತು. ಆದರೂ ಯಾರು ಬರಬೇಕು, ಏನು ಮಾತಾಡಬೇಕು ಎಂಬುದನ್ನೆಲ್ಲ ಫೋನಿನಲ್ಲೇ ನಡೆಸುತ್ತಿದ್ದರು.

“ನಮ್ಮ ಮನ್ಯಾಗ ಬರ್ತೈತವಾ, ನೋಡು,” ಎಂದು ಆ ಶನಿವಾರ ಗಂಡ ಟೀವಿ ಹಾಕಿ ತೋರಿಸಿದರು. ಅಟ್ಟದಲ್ಲಿ ತಾವೇ ಒಂದು ಆಂಟೆನಾ ಕಟ್ಟಿದ್ದರು. ಚಿತ್ರ ಕನ್ನಡಿಯ ಹಾಗಿತ್ತು. “ಸಿಗ್ನಲ್ ಇಲ್ಲಂತ ಯಾರಂದ್ರು? ನಮ್ಮ ಮನೀದು ಪ್ರಶ್ನೆ ಅಲ್ಲ ಇದು.”

ಪ್ರಶ್ನೆ ಏನೆಂದು ಹೆಂಡತಿ ಬಿಡಿಸಿ ಹೇಳಿದರು. ಊರೊಳಗಿನ ಬೇಸ್‌ಮೆಂಟು ಬಿಟ್ಟು ಕನ್ನಡದವರು ಮನೆ ಕೊಂಡುಕೊಂಡು ಬಂದದ್ದೆಲ್ಲ ಇತ್ತ ಸ್ಟೌಫ್‌ವಿಲ್, ಅತ್ತ ಅರೋರಾ. ಎರಡೂ ನಮ್ಮ ಕಂಪನಿಯ ಆ ಒಂದೇ ಉತ್ತರ ವಲಯದಲ್ಲಿದ್ದವು. ವಯಸ್ಸಾದವರು ಆಂಟೆನಾ ಕಟ್ಟಲು ಅಟ್ಟ ಹತ್ತುತ್ತಾರೆಯೇ? ಕೇಬಲ್ಲಿನಲ್ಲಿ ಬಂದರೆ ನೋಡುವರು, ಇಲ್ಲದಿದ್ದರೆ ಇಲ್ಲ. ಕಾರ್ಯಕ್ರಮಕ್ಕೆ ಜಾಹೀರಾತು ಕೊಡುತ್ತಿದ್ದ ದಿನಸಿ ಅಂಗಡಿಯವರೂ ಹಲ್ಲಿನ ಡಾಕ್ಟರೂ, ನಮ್ಮ ಗಿರಾಕಿಗಳೇ ನೋಡದ ಮೇಲೆ ನಾವೇಕೆ ಎಂದು ಕೈ ಬಿಟ್ಟರು. ಉತ್ತರದ ಊರುಗಳು ವಾಪಸ್ ಬರದಿದ್ದರೆ ಕನ್ನಡಕ್ಕೆ ಜಾಗ ಉಳಿಸಲಾರೆವು ಎಂದು ಸ್ಟೇಷನ್ನಿನವರು ಹೇಳಿಬಿಟ್ಟಿದ್ದರು.

“ಇಷ್ಟು ವರ್ಷ ನಾ ನಡೆಸಿದ್ದು, ಇವರ ಗೆರಿಯಿಂದ ನಿಲ್ಲಾಕತ್ತೇತಿ,” ಎಂದು ಆಕೆ ಗಂಡನ ಕಡೆ ಕೈ ಮಾಡಿದರು. ಅವರು ತಲೆ ತಗ್ಗಿಸಿ ಕೂತಿದ್ದರು.

ಆ ಗೆರೆಯ ಕತೆಯನ್ನು ಅವರು ಹೇಳಿದ್ದು ಒಂದೇ ಸಲಕ್ಕಲ್ಲ. ಆ ದಿನ ಸ್ವಲ್ಪ, ಮತ್ತೊಂದು ದಿನ ಸ್ವಲ್ಪ. ಈ ದೇಶಕ್ಕೆ ಬಂದ ಹೊಸತರಲ್ಲಿ ಟೀವಿ ಗೋಪುರಗಳ ಲೆಕ್ಕ ಹಾಕುವ ಒಂದು ಕನ್ಸಲ್ಟಿಂಗ್ ಕಂಪನಿಯಲ್ಲಿ ಕೆಲಸ. ಎಲ್ಲರೂ ಮಾಡಿದ ಲೆಕ್ಕ ನೇರವಾಗಿ ಟೈಪಿಗೆ ಹೋಗುತ್ತಿತ್ತು. ಇವರದನ್ನು ಮಾತ್ರ ಮೇಲಿನವನು ಮೊದಲಿಂದ ಕೊನೆಯವರೆಗೆ ಮತ್ತೆ ಮಾಡಿಸುತ್ತಿದ್ದ. ಒಂದು ದಿನವೂ ತಪ್ಪು ಸಿಗಲಿಲ್ಲ, ಒಂದು ದಿನವೂ ಮತ್ತೆ ಮಾಡಿಸುವುದು ನಿಲ್ಲಲಿಲ್ಲ. ಇಂಜಿನಿಯರ್ ಲೈಸೆನ್ಸಿನ ಮುದ್ರೆ ಸಿಗುವವರೆಗೆ ಇವರ ಕೆಲಸಕ್ಕೆ ಬೇರೆಯವರು ಸಹಿ ಹಾಕಿದರು.

“ಹಂಗಾಗಿ ನಾ ಒಂದು ಪಾಠ ಕಲ್ತೆ,” ಎಂದರು. “ಯಾರೂ ತಪ್ಪಂತ ಅನಬಾರದು. ಹಂಗಂದ್ರ ಏನು ಮಾಡಬೇಕು? ಇದ್ದದ್ದಕ್ಕಿಂತ ಸ್ವಲ್ಪ ಕಮ್ಮೀನ ಹೇಳಬೇಕು. ಕಮ್ಮಿ ಹೇಳಿದವನ್ನ ಯಾರೂ ಹಿಡಿಯೂದಿಲ್ಲ.”

ಗೆರೆ ಎಳೆಯುವ ವಿಧಾನವೇ ಅದಕ್ಕೆ ಅವಕಾಶ ಕೊಡುತ್ತಿತ್ತು. ಗೋಪುರದಿಂದ ಎಂಟು ದಿಕ್ಕಿಗೆ ಮಾತ್ರ ಲೆಕ್ಕ ಹಾಕುವುದು. ಎಂಟು ಚುಕ್ಕೆ ಸಿಗುತ್ತವೆ. ಒಂದು ಚುಕ್ಕೆಗೂ ಇನ್ನೊಂದಕ್ಕೂ ನಡುವಿನ ಗೆರೆಗೆ ಲೆಕ್ಕವೇ ಇಲ್ಲ, ಬಾಗಿದ ಪಟ್ಟಿ ಇಟ್ಟು ಕೈಯಲ್ಲಿ ಸೇರಿಸುವುದು. ಉತ್ತರದ ಚುಕ್ಕೆಗೂ ಈಶಾನ್ಯದ ಚುಕ್ಕೆಗೂ ನಡುವೆ ಸ್ಟೌಫ್‌ವಿಲ್. ಅಲ್ಲಿ ಗೆರೆ ಹೊರಕ್ಕೆ ಉಬ್ಬಬೇಕೋ ಒಳಕ್ಕೆ ಬಾಗಬೇಕೋ ಎಂದು ಅನುಮಾನ ಬಂದಾಗ ಇವರು ಒಳಕ್ಕೆ ಎಳೆದರು. ಅದು ಸ್ವಂತ ಮುದ್ರೆ ಹಾಕಿ ಕಳಿಸಿದ ಮೊದಲ ನಕ್ಷೆ. ಅಲ್ಲಿ ಬರೀ ಹೊಲ, ಕುದುರೆ ಲಾಯ. ಯಾರಿಗೆ ನಷ್ಟ?

“ಪೆನ್ನಿನ ತುದಿ ಅರ್ಧ ಮಿಲಿಮೀಟರ್ ಇತ್ತವಾ. ಆ ನಕ್ಷಾದ ಮ್ಯಾಲ ಅರ್ಧ ಮಿಲಿಮೀಟರ್ ಅಂದ್ರ ನೆಲದ ಮ್ಯಾಲ ನೂರಾ ಇಪ್ಪತ್ತೈದು ಮೀಟರ್. ನನ್ನ ಗೆರಿ ದಪ್ಪನs ಒಂದು ರಸ್ತಾಕ್ಕಿಂತ ಅಗಲ. ಅಂಥಾದ್ರಾಗ ನೀವು ರಸ್ತಾದ ಈ ಕಡೆ ಲೋಕಲ್, ಆ ಕಡೆ ಅಲ್ಲ ಅಂತೀರಿ.”

ನಾನಲ್ಲ ಸಾರ್, ಕಂಪನಿ ಅನ್ನುತ್ತದೆ, ಎಂದು ಹೇಳುವಂತಿರಲಿಲ್ಲ. ಕಾಗದಕ್ಕೆ ಸಹಿ ಹಾಕಿದ್ದವಳು ನಾನೇ.

ಅವರು ಆಯೋಗಕ್ಕೆ ಅರ್ಜಿ ಹಾಕುವುದೆಂದು ತೀರ್ಮಾನಿಸಿದರು. ಬರೀ ಬಾಯಿಮಾತು ಬೇಡ, ಅಳೆದೇ ಕೊಡುತ್ತೇನೆ ಎಂದರು. ಹಳೆಯ ಸಹೋದ್ಯೋಗಿಯೊಬ್ಬರಿಂದ ಅಳೆಯುವ ಯಂತ್ರ ಎರವಲು ತಂದರು. ಕಾರಿನ ಮೇಲೆ, ಗೋಡೆಗೆ ಬಣ್ಣ ಹೊಡೆಯುವವರ ಉದ್ದ ಕೋಲಿಗೆ ಆಂಟೆನಾ ಕಟ್ಟಿದರು. ಒಬ್ಬರು ಕಾರು ಓಡಿಸಬೇಕು, ಒಬ್ಬರು ಬರೆಯಬೇಕು. ಹೆಂಡತಿಗೆ ಕಾರಿನಲ್ಲಿ ಹೆಚ್ಚು ಹೊತ್ತು ಕೂರಲಾಗದು. ಶನಿವಾರ ನನ್ನದು, ಕಂಪನಿಯದಲ್ಲ ಎಂದು ನನಗೆ ನಾನೇ ಹೇಳಿಕೊಂಡು ಕಾರು ಓಡಿಸಲು ಹೋದೆ.

ಹಿಮ ಕರಗಿ ರಸ್ತೆಯಂಚೆಲ್ಲ ಕೆಸರಾಗಿದ್ದ ದಿನ. ಅಂಚಿನ ರಸ್ತೆಯಿಂದ ಶುರು ಮಾಡಿ ಒಂದೊಂದೇ ಅಡ್ಡರಸ್ತೆ ಹಿಡಿದು ಹೋದೆವು. ನಿಲ್ಲಿಸುವುದು, ಕೋಲು ಎತ್ತುವುದು, ಅಂಕಿ ನಿಲ್ಲುವವರೆಗೆ ಕಾಯುವುದು, ಬರೆಯುವುದು. ಸಿಗ್ನಲ್ಲಿನ ಬಲ ನಲವತ್ತೊಂದು ಡೆಸಿಬೆಲ್ ಬಂದರೆ ಸಾಕು, ಅಷ್ಟಿದ್ದರೆ ಊರು ಗೆರೆಯೊಳಗೆ ಬಿದ್ದಂತೆ. ಮೊದಲ ಜಾಗದಲ್ಲೇ ಯಂತ್ರ ನಲವತ್ತಾರು ಪಾಯಿಂಟ್ ಎಂಟು ತೋರಿಸಿತು. ಅವರು ನೋಟ್‌ಬುಕ್ಕಿನಲ್ಲಿ ನಲವತ್ತಾರು ಎಂದು ಬರೆದರು.

“ಸಾರ್, ಪಾಯಿಂಟ್ ಎಂಟಿದೆ. ನಲವತ್ತೇಳೇ ಆಯ್ತಲ್ಲ.”

“ಇರ್ಲಿ ಬಿಡವಾ.”

ಮುಂದಿನ ಜಾಗದಲ್ಲಿ ನಲವತ್ತಮೂರು ಪಾಯಿಂಟ್ ಒಂಬತ್ತು. ಬರೆದದ್ದು ನಲವತ್ತಮೂರು. ನನಗೆ ತಡೆಯಲಾಗಲಿಲ್ಲ.

“ಯಾಕ್ ಸಾರ್ ಹೀಗೆ ಮಾಡ್ತೀರ? ಅದು ತೋರಿಸಿದ್ದನ್ನ ಬರೆಯೋದಕ್ಕೂ ಸಂಕೋಚಾನಾ?”

“ಗಾಳಿಗೆ ಕೋಲು ಅಳಗ್ಯಾಡ್ತೈತಿ. ನಾಳೆ ಯಾರರೆ ಕೇಳಿದ್ರ ಪೂರ್ತಿ ಖಾತ್ರಿ ಕೊಡಬೇಕಲ್ಲ. ನಲವತ್ತೊಂದಕ್ಕ ಇದು ಬೇಕಾದಷ್ಟಾತು.”

ಇಡೀ ದಿನ ಹಾಗೆಯೇ ಕಳೆಯಿತು. ಒಂದು ಕಡೆಯೂ ಮೇಲಿನ ಅಂಕಿಗೆ ಹೋಗಲಿಲ್ಲ. ಪಾಯಿಂಟುಗಳನ್ನೆಲ್ಲ ಚೆಲ್ಲಿದರೂ ಒಂದು ಜಾಗದಲ್ಲೂ ಅಂಕಿ ನಲವತ್ತೊಂದಕ್ಕಿಂತ ಕೆಳಗೆ ಇಳಿಯಲಿಲ್ಲ. ದಾರಿಬದಿಯ ಟಿಮ್ಸ್ ಅಂಗಡಿಯ ಕಾಫಿ ಕುಡಿಯುತ್ತ ಪುಟ ಮಗುಚಿ ನೋಡಿದರು. ಅಷ್ಟು ಸಂತೋಷವಾಗಿ ಅವರನ್ನು ನಾನು ಮೊದಲು ನೋಡಿರಲಿಲ್ಲ. “ಮುಗೀತವಾ, ಇನ್ನ ಹೇಳೂದೇನೂ ಇಲ್ಲ,” ಎಂದರು. ನನಗೂ ಹಾಗೇ ಅನ್ನಿಸಿತು. ಸತ್ಯವನ್ನು ಪೂರ್ತಿ ಹೇಳದಿದ್ದರೂ ಗೆಲ್ಲುತ್ತದೆ ಎಂದು ನಂಬಿದ ಪೆದ್ದಿ ನಾನು.

ವಿಚಾರಣೆ ನಡೆದದ್ದು ಟೊರಾಂಟೋದ ಒಂದು ಹೋಟೆಲ್ಲಿನ ಹಾಲಿನಲ್ಲಿ, ಎಷ್ಟೋ ತಿಂಗಳಾದ ಮೇಲೆ. ಮೇಜಿನ ಮೇಲೆ ಬಿಳಿ ಬಟ್ಟೆ, ನೀರಿನ ಹೂಜಿಗಳು. ಆಯೋಗದ ಮೂವರು ಎದುರಿಗೆ. ಕಂಪನಿಯ ಕಡೆ ಒಬ್ಬ ವಕೀಲ, ಅವನ ಹಿಂದಿನ ಕುರ್ಚಿಯಲ್ಲಿ ಫೈಲು ಹಿಡಿದು ನಾನು. ಇನ್ನೊಂದು ಕಡೆ ಅವರು, ಒಬ್ಬರೇ. ಊರುಗೋಲು ಇಟ್ಟುಕೊಂಡು ಹೆಂಡತಿ ಹಿಂದಿನ ಸಾಲಿನಲ್ಲಿ ಕೂತಿದ್ದರು. ಆ ನಕ್ಷೆಯನ್ನು ಬಾಗಿಲಷ್ಟು ದೊಡ್ಡದು ಮಾಡಿಸಿ ಹಲಗೆಗೆ ಅಂಟಿಸಿದ್ದು ನಾನು. ಅದು ನನ್ನ ಕೆಲಸದ ಪಟ್ಟಿಯಲ್ಲಿತ್ತು.

ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಅವರು ನಿಧಾನವಾಗಿ, ಒಂದು ಶಬ್ದವೂ ವ್ಯರ್ಥ ಮಾಡದೆ, ಗೆರೆಯನ್ನು ಹೇಗೆ ಎಳೆದೆ, ಎಲ್ಲಿ ಅನುಮಾನ ಬಂತು, ಯಾಕೆ ಒಳಕ್ಕೆ ತಂದೆ ಎಂದು ಹೇಳಿದರು. ತನ್ನ ಕೆಲಸದಲ್ಲಿನ ಕೊರತೆಯನ್ನು ತಾನೇ ಎದ್ದು ನಿಂತು ಹೇಳುವ ಇನ್ನೊಬ್ಬ ಇಂಜಿನಿಯರನ್ನು ನಾನು ಈವರೆಗೆ ಕಂಡಿಲ್ಲ.

ವಕೀಲ ಎದ್ದ. ಮೂವತ್ತು ದಾಟಿರಲಿಲ್ಲ. ಆ ಮುದ್ರೆ ನಿಮ್ಮದೇ ತಾನೇ ಎಂದು ಕೇಳಿದ. ಹೌದು ಎಂದರು. ಮುದ್ರೆ ಹಾಕುವಾಗ ಇದು ಸರಿ ಎಂದು ನೀವು ಪ್ರಮಾಣ ಮಾಡಿದ್ದಿರಿ, ಆಗ ಸುಳ್ಳು ಹೇಳಿದ್ದಿರೋ, ಈಗ ಹೇಳುತ್ತಿದ್ದೀರೋ ಎಂದ. ಎರಡು ಸಲವೂ ಇಲ್ಲ ಎಂದರು. ಆಗ ಎಚ್ಚರಿಕೆಯಿಂದ ಎಳೆದಿದ್ದೆ, ಈಗ ಎಚ್ಚರಿಕೆಯಿಂದ ಅಳೆದಿದ್ದೇನೆ.

ಆಮೇಲೆ ಅವನು ನೋಟ್‌ಬುಕ್ಕಿನ ಪ್ರತಿ ಎತ್ತಿಕೊಂಡ. ಈ ಥರದ ಯಂತ್ರ ದಶಮಾಂಶದವರೆಗೆ ತೋರಿಸುತ್ತದಲ್ಲವೇ? ಹೌದು. ಇಲ್ಲಿ ಒಂದು ಕಡೆಯೂ ದಶಮಾಂಶವಿಲ್ಲ. ಅಂದರೆ ಯಂತ್ರ ತೋರಿಸಿದ ಅಂಕಿಗಳು ಇವಲ್ಲ? ಅವರು ಸ್ವಲ್ಪ ಯೋಚಿಸಿ, ಸರಿಯಾಗಿ ಅವೇ ಅಲ್ಲ, ಎಂದರು. ಹಾಗಾದರೆ ಇವು ನೀವು ತಿದ್ದಿದ ಅಂಕಿಗಳು. ಅವರು ಬಾಯಿ ತೆರೆದರು. ಕೆಳಕ್ಕೆ ತಿದ್ದಿದ್ದು, ನನ್ನ ವಿರುದ್ಧವೇ ತಿದ್ದಿದ್ದು ಎಂಬ ಎರಡು ಮಾತು ಅಲ್ಲಿ ಬರಬೇಕಿತ್ತು. ಬರಲಿಲ್ಲ. “ಪೂರ್ಣಾಂಕ ಮಾಡಿ ಬರೆದಿದ್ದೇನೆ,” ಎಂದಷ್ಟೇ ಹೇಳಿದರು. ವಕೀಲ ‘ತಿದ್ದಿದ ಅಂಕಿಗಳು’ ಎಂಬ ಮಾತನ್ನು ಇನ್ನೆರಡು ಸಲ ಹೇಳಿ ಕೂತ.

ಆಯೋಗದವರಲ್ಲಿ ಒಬ್ಬಳು, ಸ್ವಲ್ಪ ಮೆತ್ತಗಿನವಳು, ಕೇಳಿದಳು: ಹಾಗಾದರೆ ಗೆರೆಯನ್ನು ಎಷ್ಟು ಹೊರಕ್ಕೆ ತರಬೇಕು, ನಿಮ್ಮ ಅಭಿಪ್ರಾಯ ಹೇಳಿ. ಬಾಗಿಲು ತೆರೆದು ಒಳಗೆ ಬನ್ನಿ ಎಂದು ಕರೆದ ಹಾಗಿತ್ತು. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಹೇಳಿ ಸಾರ್, ಐದು ಕಿಲೋಮೀಟರ್ ಅನ್ನಿ, ಹತ್ತು ಅನ್ನಿ, ಏನಾದರೂ ಅನ್ನಿ. ಅವರು ಹೇಳಿದ್ದು: “ನಾನು ಅಳೆದ ರಸ್ತೆಗಳ ಬಗ್ಗೆ ಮಾತ್ರ ಹೇಳಬಲ್ಲೆ. ಅದರಾಚೆ ನನಗೆ ಗೊತ್ತಿಲ್ಲ.” ಅವಳು ತಲೆಯಾಡಿಸಿ ಪೆನ್ನು ಕೆಳಗಿಟ್ಟಳು.

ಆ ಹಾಲಿನಲ್ಲಿ ಯಂತ್ರದ ಅಂಕಿಗಳನ್ನು ಕಣ್ಣಾರೆ ಕಂಡ ಇನ್ನೊಬ್ಬಳಿದ್ದಳು. ವಕೀಲನ ಬೆನ್ನ ಹಿಂದೆ, ಫೈಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎದ್ದು ನಿಂತರೆ ಕೆಲಸ ಹೋಗುತ್ತಿತ್ತು. ಆ ವರ್ಷ ನನ್ನ ಗಂಡನಿಗೆ ಕೆಲಸವಿರಲಿಲ್ಲ, ಮಗಳು ಎರಡನೇ ಕ್ಲಾಸು. ಇವೆಲ್ಲ ನಿಜ. ಇವನ್ನೆಲ್ಲ ಆ ಒಂದು ನಿಮಿಷದಲ್ಲಿ ಯೋಚಿಸಿದೆ ಎಂಬುದು ಮಾತ್ರ ಸುಳ್ಳು. ನಾನು ಏನೂ ಯೋಚಿಸಲಿಲ್ಲ. ಫೈಲಿನ ಕ್ಲಿಪ್ಪು ನೋಡುತ್ತ ಕೂತಿದ್ದೆ.

ತೀರ್ಪು ಬಂದದ್ದು ಮುಂದಿನ ಚಳಿಗಾಲಕ್ಕೆ. ಆಫೀಸಿನಲ್ಲಿ ಕೇಕ್ ತಂದರು. ಒಂದು ಪ್ರತಿ ಮಡಿಸಿ ಚೀಲಕ್ಕೆ ಹಾಕಿಕೊಂಡು ನಾನು ಸ್ಟೌಫ್‌ವಿಲ್‌ಗೆ ಹೋದೆ. ಅವರಿಗೆ ಆಗಲೇ ಅಂಚೆಯಲ್ಲಿ ಬಂದಿತ್ತು. ಊಟದ ಮೇಜಿನ ಮೇಲೆ ಹರಡಿಕೊಂಡು ಕನ್ನಡಕ ಹಾಕಿಕೊಂಡು ಕೂತಿದ್ದರು. ಹೆಂಡತಿಗೆ ಓದಿ ಹೇಳುತ್ತಿದ್ದರು, ಇಂಗ್ಲಿಷ್ ಒಂದು ಸಾಲು, ಕನ್ನಡ ಒಂದು ಸಾಲು.

ಅರ್ಜಿದಾರರು ಈಗ ನೀಡಿದ ಅಳತೆಗಳು ತಿದ್ದಿದವುಗಳಾಗಿರುವುದರಿಂದ ನಂಬಲರ್ಹವಲ್ಲ. ಅದಕ್ಕೆ ಪ್ರತಿಯಾಗಿ, ದಾಖಲೆಯಲ್ಲಿರುವ ನಕ್ಷೆ ಅರ್ಹ ವೃತ್ತಿಪರ ಇಂಜಿನಿಯರ್ ಒಬ್ಬರಿಂದ ತಯಾರಾಗಿ, ಅವರ ಸಹಿ ಮತ್ತು ಮುದ್ರೆ ಹೊಂದಿದೆ. ಅದನ್ನು ಅನುಮಾನಿಸಲು ಕಾರಣ ಕಾಣುವುದಿಲ್ಲ. ಗೆರೆ ಇದ್ದಲ್ಲಿಯೇ ಇರುತ್ತದೆ.

ನನಗೆ ಕಿರುಚಬೇಕೆನಿಸಿತು. ಆ ಇಂಜಿನಿಯರೂ ಇವರೇ, ಈ ಅರ್ಜಿದಾರರೂ ಇವರೇ! ಒಂದು ಕಾಲದಲ್ಲಿ ಇವರ ಪ್ರತಿ ಲೆಕ್ಕವನ್ನೂ ಎರಡೆರಡು ಸಲ ಮಾಡಿಸಿದ ದೇಶ, ಆ ಹೆದರಿಕೆಯಲ್ಲಿ ಇವರು ಎಳೆದ ಗೆರೆಯೊಂದನ್ನೇ ದೇವವಾಕ್ಯ ಎಂದು ಹಿಡಿದುಕೊಂಡಿತು. ಎಳೆದ ಮನುಷ್ಯ ಎದುರು ನಿಂತು, ಅಯ್ಯಾ ತಪ್ಪಾಗಿದೆ ಎಂದರೆ, ನೀನು ಯಾರು ಎಂದು ಕೇಳಿತು. ಇದಕ್ಕೆ ನಿಯಮ ಎಂದು ಹೆಸರು.

ಅವರು ಕನ್ನಡಕ ತೆಗೆದು ಒರೆಸಿದರು. “ಇಂಗ್ಲಿಷ್ ಚಲೋ ಬರದಾರ,” ಎಂದರು.

ಕನ್ನಡದ ಅರ್ಧ ಗಂಟೆ ಯುಗಾದಿಯ ಹೊತ್ತಿಗೆ ನಿಂತಿತು. ಕೊನೆಯ ಭಾನುವಾರ ಯಾರೂ ಬೀಳ್ಕೊಡುಗೆಯ ಮಾತೇನೂ ಆಡಲಿಲ್ಲವಂತೆ. ಡಾಕ್ಟರು ಸಕ್ಕರೆಯ ಬಗ್ಗೆ ಹೇಳಿದರು, ಒಬ್ಬಳು ಹುಡುಗಿ ಬೇಸ್‌ಮೆಂಟು ಕೇಳಿದಳು, ಅಷ್ಟೇ. ಅವರಿಬ್ಬರೂ ಅಟ್ಟದ ಆಂಟೆನಾದಲ್ಲಿ ನೋಡಿದರು. ಮುಂದಿನ ವಾರದಿಂದ ಹನ್ನೊಂದಕ್ಕೆ ಅಡುಗೆ ಪಾತ್ರೆಗಳ ಜಾಹೀರಾತು ಬರತೊಡಗಿತು. ಆಕೆ ಸ್ವಲ್ಪ ದಿನ ಅದನ್ನೂ ಹಾಕಿಕೊಂಡು ಕೂರುತ್ತಿದ್ದರು ಎಂದು ಅವರು ಫೋನಿನಲ್ಲಿ ಹೇಳಿದರು. ಆ ದನಿಯನ್ನು ನಾನು ಮರೆತಿಲ್ಲ. ಹೆಂಡತಿ ಕೈಯಾರೆ ಕಟ್ಟಿದ್ದನ್ನು ತಾನೇ ಕೆಡವಿದೆ ಎಂದುಕೊಂಡ ಮನುಷ್ಯನ ದನಿ ಅದು.

ಅವರ ಮನೆಗೆ ಆಮೇಲೆ ಹೋಗಲು ನನಗೆ ತುಂಬ ದಿನ ಮುಖವಿರಲಿಲ್ಲ. ಬೇರೆ ಕಡೆ ಕೆಲಸ ಸಿಕ್ಕಿ, ಆ ಕಂಪನಿ ಬಿಟ್ಟ ಮೇಲೆ ಒಂದು ಮಧ್ಯಾಹ್ನ ಹೋದೆ. ಅಷ್ಟರಲ್ಲಿ ಅವರು ಬಹಳ ಇಳಿದುಹೋಗಿದ್ದರು, ಎದೆಯ ತೊಂದರೆ. ಆಕೆ ಚಹಾ ಮಾಡುತ್ತಿದ್ದರು. ನಾನು ಕೂರದೆಯೇ ಹೇಳಿಬಿಟ್ಟೆ. ಅವತ್ತು ವಿಚಾರಣೆಯಲ್ಲಿ ನಾನು ಎದ್ದು ಹೇಳಬೇಕಿತ್ತು ಸಾರ್. ಯಂತ್ರ ಏನು ತೋರಿಸಿತ್ತು ಅಂತ ನನಗೆ ಗೊತ್ತಿತ್ತು. ಹೇಳಲಿಲ್ಲ.

ಅವರು ಕೈ ಅಡ್ಡ ಮಾಡಿದರು. “ಛೇ, ಅದೇನು ಭಾಳ ಅಲ್ಲ ಬಿಡವಾ. ನಿಂದು ನೌಕರಿ. ನೀ ಆ ಕೆಸರಾಗ ನನ್ನ ಜೋಡಿ ಬಂದದ್ದs ಹೆಚ್ಚಾತು.”

ಇದಕ್ಕೂ ಹೀಗೇ ಅಂದರಲ್ಲ ಎಂದು ನನಗೆ ಸಿಟ್ಟೇ ಬಂತು. ನಾನು ಮಾಡಿದ ತಪ್ಪನ್ನಾದರೂ ಇದ್ದಷ್ಟು ಇದ್ದಂತೆ ಹೇಳಬಾರದೇ ಈ ಮನುಷ್ಯ?

ಆಕೆ ಒಲೆ ಆರಿಸಿ, ಊರುಗೋಲು ಊರಿಕೊಂಡು ನನ್ನ ಎದುರಿಗೆ ಬಂದು ನಿಂತರು. ದನಿ ಏರಿಸಲಿಲ್ಲ.

“ಅವರು ಅಂತಾರ. ನಾ ಅನ್ನೂದಿಲ್ಲ. ನೀ ಹೇಳಬೇಕಾಗಿತ್ತು.”

ಹೇಳಬೇಕಿತ್ತು. ಆ ದಿನ ಅಂಚಿನ ರಸ್ತೆಯಿಂದ ಶುರು ಮಾಡಿ ಸಂಜೆಯವರೆಗೆ ನಾವು ನಿಂತ ಪ್ರತಿಯೊಂದು ಜಾಗದಲ್ಲೂ ಯಂತ್ರ ತೋರಿಸಿದ್ದು ಅವರು ಬರೆದದ್ದಕ್ಕಿಂತ ಹೆಚ್ಚಾಗಿತ್ತು. ಒಂದು ಕಡೆಯೂ ಕಡಿಮೆ ಇರಲಿಲ್ಲ. ನಾನು ಅವರ ಪಕ್ಕದ ಸೀಟಿನಲ್ಲಿ ಕೂತು ಕಣ್ಣಾರೆ ನೋಡಿದ್ದೇನೆ.